ಮೂರನೇ ಸಲ ಕೇಳಬೇಕಿತ್ತು

ಆ ಮನೆಯಲ್ಲಿ ಯಾರೂ ಮೊದಲನೇ ಸಲಕ್ಕೆ ಹೂಂ ಅಂದವರಲ್ಲ. ಚಹಾ ಬೇಕಾ ಅಂದರೆ ಬೇಡ. ಸ್ವಲ್ಪ ಕುಡೀರಿ ಅಂದರೆ ಅಯ್ಯೋ, ಈಗ ತಾನೇ ಆಯ್ತು. ಅರ್ಧ ಲೋಟ ಅಂದರೆ ಆಗ, ನೀವು ಅಷ್ಟು ಹೇಳ್ತಿದ್ದೀರಲ್ಲ ಅಂತ ಕೈ ಮುಂದೆ ಬರುತ್ತಿತ್ತು. ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಗತ್ತಿಗೆ, ಮೂರನೇ ಸಲ ಕೇಳಿದಾಗ ಬರುವುದೇ ನಿಜವಾದ ಉತ್ತರ. ಲಾಂಡ್ರಿಯಮ್ಮ ಇದನ್ನು ತನ್ನ ಅತ್ತೆಯಿಂದ ಕಲಿತಿದ್ದಳು. ಆ ಅತ್ತೆ ಕೊನೆಗಾಲದಲ್ಲಿ ನೀರು ಬೇಕಾ ಅಂದಾಗಲೂ ಎರಡು ಸಲ ತಲೆ ಅಲ್ಲಾಡಿಸಿ ಮೂರನೇ ಸಲಕ್ಕೆ ಬಾಯಿ ತೆರೆದಳು ಅಂತ ಲಾಂಡ್ರಿಯಮ್ಮನ ಗಂಡ ಈಗಲೂ ತಮಾಷೆ ಮಾಡುವುದುಂಟು.

ಇಂಥ ಮನೆಯ ಯಜಮಾನಿಯನ್ನು ಅವಳು ಹೆತ್ತ ಮಗನೇ ಒಂದೇ ಸಲ ಕೇಳಿ ಬಿಟ್ಟುಬಿಟ್ಟ. ಆಮೇಲೆ ಆದದ್ದಕ್ಕೆಲ್ಲ ಅದೇ ಮೂಲ.

ಅವತ್ತು ಭಾನುವಾರ. ಮಧ್ಯಾಹ್ನದ ಊಟಕ್ಕೆ ಗಂಡ, ಮಗ, ಸೊಸೆ, ಮೊಮ್ಮಗಳು ಸೇರಿ ಐದೂ ಜನ ಕೂತಿದ್ದರು. ಮಗ ಲಿಫ್ಟ್ ರಿಪೇರಿ ಮಾಡುವವನು, ವಾರಕ್ಕೊಂದೇ ದಿನ ಬಿಸಿ ಅನ್ನ ಕಾಣುವವನು. ಎಡಗೈಯಲ್ಲಿ ಫೋನು ಹಿಡಿದು ಎಲ್ಲರ ಮುಂದೆ ಆಡಿಸಿದ. ಫೋನಿನೊಳಗೆ ಒಂದು ಊರು. ಬೀದಿ ಇರಬೇಕಾದ ಕಡೆಯೆಲ್ಲ ನೀರು, ಮನೆ ಬಾಗಿಲಿಗೆ ಕಟ್ಟಿದ ದೋಣಿ, ನಡುವೆ ಮರದ ಚಾವಣಿ ಹೊತ್ತ ದೊಡ್ಡ ದೋಣಿಮನೆಗಳು, ಅವುಗಳ ಕಿಟಕಿಗೆ ಬಿಳಿ ಪರದೆ.

"ಶಾಲೆ ರಜೆಗೆ ಹೋಗೋಣ ಅಂತಿದೀವಿ. ಎರಡು ರೂಮಿನ ದೋಣಿ, ಎರಡು ದಿನ. ಅಮ್ಮ, ನೀನೂ ಬಾ," ಅಂದ.

ಲಾಂಡ್ರಿಯಮ್ಮನ ಎದೆ ಹಿಗ್ಗಿತು. ಮೂವತ್ತೊಂದು ವರ್ಷದಿಂದ ಕಂಡವರ ಬಟ್ಟೆ ಒಗೆದ ನೀರು ಬಿಟ್ಟರೆ ಬೇರೆ ನೀರು ಕಂಡವಳಲ್ಲ ಅವಳು. ಗಿರಾಕಿಗಳು ಪ್ರವಾಸಕ್ಕೆ ಮುಂಚೆ ಗರಿಗರಿ ಇಸ್ತ್ರಿ ಮಾಡಿಸಿಕೊಂಡು ಹೋಗುತ್ತಾರೆ, ಬಂದ ಮೇಲೆ ಮರಳು ಮೆತ್ತಿದ ಗಂಟು ತಂದು ಹಾಕುತ್ತಾರೆ. ಅವಳ ಪಾಲಿಗೆ ಬಂದ ಪ್ರವಾಸವೆಲ್ಲ ಆ ಮರಳಷ್ಟೇ.

"ಅಯ್ಯೋ, ನನಗ್ಯಾಕಪ್ಪ ದೋಣಿ ಗೀಣಿ! ಅಂಗಡಿ ಯಾರು ನೋಡ್ಕೋತಾರೆ? ನೀರು ಕಂಡ್ರೆ ತಲೆ ಸುತ್ತುತ್ತೆ ನಂಗೆ," ಅಂದಳು, ಬಾಯಿ ತುಂಬ ನಗುತ್ತ. ಅಂದವಳು ಎರಡನೇ ಸಲ ಕೇಳಲಿ ಅಂತ ತಟ್ಟೆ ನೋಡುತ್ತ ಕೂತಳು.

ಮಗ ಬಾಯಿ ತೆರೆದ. ಕೇಳುತ್ತಿದ್ದನೋ ಏನೋ, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಎಲ್ಲೋ ಲಿಫ್ಟ್ ನಡುವೆ ನಿಂತುಬಿಟ್ಟಿತ್ತು, ಒಳಗೆ ಇಬ್ಬರಿದ್ದರು. ಕೈ ತೊಳೆದು ಓಡಿದ. ಸೊಸೆ ಅವನ ತಟ್ಟೆ ಎತ್ತುತ್ತ, "ತಲೆ ಸುತ್ತುತ್ತೆ ಅಂದ್ರೆ ಬಲವಂತ ಮಾಡ್ಬಾರ್ದು ಬಿಡಿ ಅತ್ತೆ," ಅಂದಳು. ಎಷ್ಟು ಮೆತ್ತಗೆ ಅಂದಳು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅತ್ತೆಯನ್ನು ಆ ದೋಣಿಯಿಂದ ತೆಗೆದುಬಿಟ್ಟಳು.

ಮೂರು ದಿನ ಲಾಂಡ್ರಿಯಮ್ಮ ಕಾದಳು. ತಾನೇ ದಾರಿಯನ್ನೂ ಮಾಡಿಕೊಟ್ಟಳು. "ಆ ಊರಲ್ಲಿ ಚಳಿ ಇರುತ್ತೇನೋ?" ಅಂದಳು ಮಗನಿಗೆ.

"ಗೊತ್ತಿಲ್ಲಮ್ಮ. ಯಾಕೆ?"

"ಸುಮ್ನೆ. ಮಗು ಸ್ವೆಟರ್ ತೆಗೆದಿಡ್ಬೇಕಲ್ಲ."

"ಅದನ್ನ ಅವಳು ನೋಡ್ಕೋತಾಳೆ ಬಿಡು," ಅಂದು ಅವನು ಸ್ನಾನಕ್ಕೆ ಹೋದ.

ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಗಂಡ ಅಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಕಾಲರಿನ ಮೇಲೆ ಪೆಟ್ಟಿಗೆ ಒತ್ತುತ್ತ, "ಬರ್ತೀನಿ ಅಂತ ಹೇಳೇ. ಬಾಯಿಗೇನು ಬೀಗ ಹಾಕಿದ್ಯಾ?" ಅಂದ.

"ಕೇಳದೆ ಹೇಳೋಕೆ ನಾನೇನು ಭಿಕ್ಷೆ ಬೇಡ್ತಿದೀನಾ?"

"ಕೇಳಿದ್ನಲ್ಲ."

"ಒಂದ್ ಸಲ ಕೇಳೋದೂ ಒಂದು ಕೇಳೋದಾ? ದಾರೀಲಿ ಹೋಗೋರೂ ಅಷ್ಟು ಕೇಳ್ತಾರೆ. ನೀವು ಸುಮ್ನೆ ಇಸ್ತ್ರಿ ಮಾಡಿ, ಕಫ್ ಸುಟ್ಟೀತು."

ನಾಲ್ಕನೇ ದಿನ ಸೊಸೆಯ ತಾಯಿ ಬಂದಿಳಿದಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು; ಎಲ್ಲರಿಗೂ ನರ್ಸಮ್ಮ. ಅವಳ ಮನೆಯ ಬಚ್ಚಲ ಪೈಪು ಒಡೆದು ನೆಲ ಅಗೆಯುತ್ತಿದ್ದರಂತೆ, ಮೂರು ವಾರ ಮಗಳ ಮನೆಯಲ್ಲಿರುವುದು ಅಂತಾಯಿತು. ಅದಕ್ಕೇನು, ಇರಲಿ. ಆದರೆ ಬಂದ ಸಂಜೆಯೇ ಸೊಸೆ ಊಟಕ್ಕೆ ಬಡಿಸುತ್ತ, "ಅಮ್ಮ, ಒಂದು ರೂಮು ಹೆಂಗೂ ಖಾಲಿ ಇದೆ. ದೋಣಿಗೆ ನೀನು ಬರ್ತೀಯಾ?" ಅಂದಳು.

"ಓ! ಬರ್ತೀನಿ," ಅಂದಳು ನರ್ಸಮ್ಮ.

ಅಷ್ಟೇ. ಒಂದೇ ಸಲಕ್ಕೆ. ಲಾಂಡ್ರಿಯಮ್ಮ ಕಲಸಿದ ತುತ್ತನ್ನು ತಟ್ಟೆಗೇ ವಾಪಸ್ಸು ಇಟ್ಟಳು. ನಾಚಿಕೆ ಬೇಡವೇ ಮನುಷ್ಯರಿಗೆ? ಇನ್ನೊಂದು ಮೀನು ಹಾಕಲಾ ಅಂದರೆ ಹಾಕಿ ಅಂದಳು. ಸಾಕಾ ಅಂದರೆ ಸಾಕು ಅಂದಳು. ತನ್ನ ರೂಮಿನಲ್ಲಿ, ತನ್ನ ಮಂಚದ ಮೇಲೆ, ತನ್ನ ಮಗ ಗೊತ್ತುಮಾಡಿದ ದೋಣಿಯಲ್ಲಿ ಅಂಥ ಹೆಂಗಸು ಮಲಗಿ ನೀರು ನೋಡುತ್ತಾಳೆ. ಲಾಂಡ್ರಿಯಮ್ಮನಿಗೆ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರಿಲ್ಲ, ಹೊಟ್ಟೆ ಉರಿಯಿತು ಅಷ್ಟೇ.

ಮರುದಿನ ನರ್ಸಮ್ಮನ ಬಟ್ಟೆ ಒಗೆಯಲು ಬಂದವು. ಆ ಲಾಂಡ್ರಿಯಲ್ಲಿ ಒಂದು ಪದ್ಧತಿ ಇತ್ತು. ಯಾವ ಗಿರಾಕಿಯ ಬಟ್ಟೆ ಬಂದರೂ ನೀರಿಗೆ ಹಾಕುವ ಮೊದಲು ಕಾಲರಿನ ಒಳಗೋ ಅಂಚಿನ ಮೂಲೆಗೋ ಬಣ್ಣದ ದಾರದಿಂದ ಗುರುತಿನ ಹೊಲಿಗೆ ಹಾಕುವುದು. ವಕೀಲರಿಗೆ ಹಳದಿ, ಎರಡು ಹೊಲಿಗೆ. ಔಷಧಿ ಅಂಗಡಿಯವರಿಗೆ ನೀಲಿ, ಮೂರು ಹೊಲಿಗೆ. ಬೆರೆತುಹೋಗಬಾರದು, ಅದಕ್ಕೆ. ಮನೆಯವರ ಬಟ್ಟೆಗೆ ಮಾತ್ರ ದಾರವಿಲ್ಲ. ದಾರ ಇಲ್ಲದ್ದು ಕಂಡರೆ ಅದು ಮನೆಯದು, ಒಳಗೆ ಹೋಗಬೇಕು ಅಂತ ಲೆಕ್ಕ.

ಲಾಂಡ್ರಿಯಮ್ಮ ನರ್ಸಮ್ಮನ ಬೂದು ಬಣ್ಣದ ಅಂಗಿಯನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ಕೂತಳು. ಆಮೇಲೆ ಕೆಂಪು ದಾರದ ಉಂಡೆ ತೆಗೆದು, ಸೂಜಿಗೆ ಪೋಣಿಸಿ, ಕಾಲರಿನ ಒಳಗೆ ಕಚಕಚ ನಾಲ್ಕು ಹೊಲಿಗೆ ಹಾಕಿದಳು. ಶಾಲಿಗೂ ಹಾಕಿದಳು. ಟವೆಲಿಗೂ ಹಾಕಿದಳು. ಉರಿ ಸ್ವಲ್ಪ ತಣ್ಣಗಾಯಿತು.

ಗಂಡ ನೋಡಿದ. "ಅದು ಬೀಗರದ್ದಲ್ವೇನೇ?"

"ಹೌದು. ಮೂರು ವಾರ ಇದ್ದು ಹೋಗೋರು. ಕಳೆದುಹೋದ್ರೆ ನಮ್ಮ ತಲೆ ಮೇಲೆ ಬರ್ಬಾರ್ದಲ್ಲ."

"ಸರಿಯಪ್ಪ, ಲಾಂಡ್ರಿ ನಿನ್ನದು, ದಾರ ನಿನ್ನದು," ಅಂದು ಅವನು ಪ್ಯಾಂಟಿನ ಗೆರೆ ತೀಡಿದ.

ಆ ಎರಡು ವಾರ ಮನೆಯಲ್ಲಿ ಏನೇನಾಯಿತು ಅಂತ ಹೇಳುವುದು! ನರ್ಸಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರಿಗೂ ಚಹಾ ಮಾಡುತ್ತಿದ್ದಳು. ಮೊಮ್ಮಗಳು ಗುಬ್ಬಿಗೆ ಎರಡು ಜಡೆ ಹಾಕಿ, ಗಾಯಕ್ಕೆ ಪಟ್ಟಿ ಕಟ್ಟುವುದು ಹೇಗೆ ಅಂತ ಗೊಂಬೆಯ ಕಾಲಿಗೆ ಕಟ್ಟಿ ತೋರಿಸುತ್ತಿದ್ದಳು. ಮಗನ ಸೊಂಟ ನೋವಿಗೆ ಬಿಸಿನೀರಿನ ಚೀಲ ಇಟ್ಟಳು. ಸೊಸೆ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಬಂದು, ಯಾವಾಗಲೂ ಅತ್ತೆಯ ಮುಂದೆ ಮುಖ ಬಿಗಿದು ತರಕಾರಿ ಹೆಚ್ಚುತ್ತಿದ್ದವಳು, ಈಗ ಅಡುಗೆಮನೆಯಲ್ಲಿ ಗಹಗಹಿಸಿ ನಗುತ್ತಿದ್ದಳು. ಲಾಂಡ್ರಿಯಮ್ಮ ಯಾಕೆ ನಗ್ತೀರಿ ಅಂತ ಒಳಗೆ ಹೋದರೆ ನಗು ನಿಲ್ಲುತ್ತಿತ್ತು.

"ಏನಿಲ್ಲ ಅತ್ತೆ, ಹಳೇ ಕಥೆ."

ಹಳೇ ಕಥೆಯಂತೆ! ಒಂಬತ್ತು ವರ್ಷದಿಂದ ತಾನೂ ಇದೇ ಅಡುಗೆಮನೆಯಲ್ಲಿದ್ದಾಳೆ, ತನಗೊಂದು ಹಳೇ ಕಥೆ ಇಲ್ಲವೇ?

ಲಾಂಡ್ರಿಯಮ್ಮ ಸುಮ್ಮನಿರುವ ಪೈಕಿ ಅಲ್ಲ. ಊಟದ ಹೊತ್ತಿಗೆ ಸರಿಯಾಗಿ ಆ ನೀರೂರಿನ ಸುದ್ದಿ ತರುತ್ತಿದ್ದಳು. "ವಕೀಲರ ಹೆಂಡ್ತಿ ಹೋಗಿದ್ರಂತೆ. ಬೆಕ್ಕಿನ ಗಾತ್ರದ ಸೊಳ್ಳೆಯಂತೆ." ಇನ್ನೊಂದು ದಿನ, "ಔಷಧಿ ಅಂಗಡಿಯವರು ಹೇಳ್ತಿದ್ರು, ದೋಣೀಲಿ ಕಕ್ಕಸ್ಸು ಇಷ್ಟೇ ಇಷ್ಟಂತೆ. ದಪ್ಪ ಇರೋರು ಒಳಗೆ ಹೋದ್ರೆ ಹೊರಗೆ ಬರೋಕಾಗಲ್ವಂತೆ."

ನರ್ಸಮ್ಮ ದಪ್ಪ. ನಕ್ಕಳು. "ಹಂಗಿದ್ರೆ ಅಳಿಯಂದ್ರು ಇದ್ದಾರಲ್ಲ, ಲಿಫ್ಟಿಂದ ಜನ ಎಳೆಯೋರು. ನನ್ನೂ ಎಳೀತಾರೆ." ಎಲ್ಲರೂ ನಕ್ಕರು. ಗುಬ್ಬಿ ಅನ್ನ ಮೂಗಿಗೇರುವಷ್ಟು ನಕ್ಕಳು. ಲಾಂಡ್ರಿಯಮ್ಮನ ಗಂಡನೂ ನಕ್ಕ, ಆ ದ್ರೋಹಿ.

ನಗು ನಿಂತ ಮೇಲೆ ನರ್ಸಮ್ಮ ಅಂದಳು, "ಬೀಗ್ರೇ, ನನ್ನ ರೂಮಲ್ಲಿ ಎರಡು ಮಂಚ ಇದೆಯಂತೆ. ನೀವೂ ಬನ್ನಿ ಅಲ್ವಾ?"

ನನ್ನ ರೂಮಂತೆ! "ಇಲ್ಲಪ್ಪ, ನನಗೆ ಅಂಗಡಿ ಇದೆ," ಅಂದುಬಿಟ್ಟಳು ಲಾಂಡ್ರಿಯಮ್ಮ.

"ಸರಿ," ಅಂದಳು ನರ್ಸಮ್ಮ, ಮೊಸರು ಕಲಸಿಕೊಳ್ಳುತ್ತ. ಅವಳ ಮನೆಯಲ್ಲಿ ಬೇಡ ಅಂದರೆ ಬೇಡ, ಪಾತ್ರೆ ಎತ್ತುವುದೇ.

ಎರಡು ಬೇಡ ಆಗಿಹೋದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನೊಂದು ಸಲ, ಇನ್ನೊಂದೇ ಒಂದು ಸಲ ಯಾರಾದರೂ ಕೇಳಿದರೆ ಸಾಕಿತ್ತು. ಯಾರೂ ಕೇಳಲಿಲ್ಲ. ಆದರೂ ಲಾಂಡ್ರಿಯಮ್ಮ ಒಂದು ಮಧ್ಯಾಹ್ನ, ಗಂಡ ಬಟ್ಟೆ ತಲುಪಿಸಲು ಹೋದಾಗ, ಎರಡು ಜೊತೆ ಬಟ್ಟೆ, ಸ್ವೆಟರು, ಹೊಸದೊಂದು ಹಲ್ಲುಜ್ಜುವ ಬ್ರಷ್ಷು ಎಲ್ಲ ಒಂದು ಕೈಚೀಲಕ್ಕೆ ತುಂಬಿ ಇಸ್ತ್ರಿ ಮೇಜಿನ ಕೆಳಗೆ, ಹಳೇ ಚಾದರಗಳ ಹಿಂದೆ ತಳ್ಳಿದಳು. ಯಾಕೆ ಅಂತ ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಹೊರಡುವ ಬೆಳಿಗ್ಗೆ ಬಂತು. ಬಾಗಿಲಲ್ಲಿ ವ್ಯಾನು ನಿಂತಿತ್ತು. ಸೊಸೆ ಹೊಸ ಟೋಪಿ ಹಾಕಿಕೊಂಡಿದ್ದಳು. ನರ್ಸಮ್ಮ ತಂಪು ಕನ್ನಡಕ ಹಾಕಿಕೊಂಡಿದ್ದಳು, ಮಗಳ ಅಂಗಡಿಯದ್ದು. ಗುಬ್ಬಿಯ ಒಂದು ಚಪ್ಪಲಿ ಕಾಣುತ್ತಿರಲಿಲ್ಲ. ಅವಳು ಮಂಚದ ಕೆಳಗೆ ತೂರಿದಳು, ಬೀರುವಿನ ಹಿಂದೆ ಹುಡುಕಿದಳು, ಕೊನೆಗೆ ಇಸ್ತ್ರಿ ಮೇಜಿನ ಕೆಳಗೂ ನುಗ್ಗಿದಳು.

"ಅಜ್ಜೀ, ಇದ್ಯಾರ ಬ್ಯಾಗು? ನಿನ್ನ ಸ್ವೆಟರ್ ಇದೆ ಇದ್ರಲ್ಲಿ! ಹೊಸ ಬ್ರಷ್ ಇದೆ, ಕವರೂ ತೆಗೆದಿಲ್ಲ!"

ಮಗ ಅಮ್ಮನನ್ನು ನೋಡಿದ. ಸೊಸೆ ತನ್ನ ಟೋಪಿಯ ಅಂಚು ಸರಿಮಾಡಿಕೊಂಡಳು. ಲಾಂಡ್ರಿಯಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಾನೇ ಕಟ್ಟಿಟ್ಟಿದ್ದು," ಅಂದ ಗಂಡ, ಇಸ್ತ್ರಿ ಪೆಟ್ಟಿಗೆಯಿಂದ ಕಣ್ಣೆತ್ತದೆ. "ಕೊನೇ ಗಳಿಗೇಲಾದ್ರೂ ಇವಳನ್ನ ಹತ್ತಿಸಿ ಕಳಿಸೋಣ ಅಂತ. ಎರಡು ದಿನ ನಾನೂ ಆರಾಮಾಗಿ ಇರ್ತೀನಿ. ಕರ್ಕೊಂಡು ಹೋಗ್ರಪ್ಪ, ಪುಣ್ಯ ಬರುತ್ತೆ."

ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ಹೇಳಿದ ಸುಳ್ಳುಗಳಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಗುಬ್ಬಿ ಅಜ್ಜಿಯ ಕೈ ಹಿಡಿದು ಎಳೆದಳು. "ಬಾ ಅಜ್ಜೀ!"

"ಮಗು ಇಷ್ಟು ಕೇಳ್ತಿರೋವಾಗ ಇಲ್ಲ ಅನ್ನೋಕಾಗುತ್ತಾ," ಅಂದಳು ಲಾಂಡ್ರಿಯಮ್ಮ. ಅಂದವಳು ಚಪ್ಪಲಿ ಹಾಕಿಕೊಂಡೇ ಬಿಟ್ಟಿದ್ದಳು.

ಆ ಊರು ಫೋನಿನಲ್ಲಿ ಕಂಡದ್ದಕ್ಕಿಂತ ಚೆಂದವಿತ್ತು. ಕಾಲುವೆಗೆ ಅಡ್ಡಲಾಗಿ ಗೂನುಬೆನ್ನಿನ ಸಣ್ಣ ಸಣ್ಣ ಸೇತುವೆಗಳು. ಪ್ರತಿ ಮನೆಯ ಮೆಟ್ಟಿಲೂ ನೀರಿಗೇ ಇಳಿಯುತ್ತಿತ್ತು. ತರಕಾರಿಯವಳು ದೋಣಿಯಲ್ಲೇ ತಕ್ಕಡಿ ಇಟ್ಟುಕೊಂಡು ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದಳು, ಟಪಾಲಿನವನೂ ದೋಣಿಯಲ್ಲೇ ಬಂದ. ದೋಣಿಮನೆ ಅದರ ನಡುವೆ ಮೆಲ್ಲಗೆ ಸರಿಯುತ್ತಿತ್ತು. ದಡದಲ್ಲಿ ಉದ್ದಕ್ಕೂ ಹಗ್ಗ ಕಟ್ಟಿ ದೋಣಿಮನೆಗಳ ಹಾಸಿಗೆ ಹೊದಿಕೆಗಳನ್ನು ಒಣಗಿಸಿದ್ದರು. ಲಾಂಡ್ರಿಯಮ್ಮ ಅವನ್ನು ಎಣಿಸುತ್ತ ಕೂತಳು. ಬೆಳ್ಳಗೆ ಕಾಣಲಿ ಅಂತ ಹೊದಿಕೆ ಜಾಲಿಸುವ ನೀರಿಗೆ ನೀಲಿ ಜಾಸ್ತಿ ಹಾಕಿದ್ದರು, ತನ್ನ ಕೈಗೆ ಇವರು ಸಾಟಿಯಲ್ಲ ಅಂತ ಸಂತೋಷವಾಯಿತು.

ತಲೆ ಒಂಚೂರೂ ಸುತ್ತಲಿಲ್ಲ. ಅದೇ ಕಷ್ಟ. ಸುತ್ತುತ್ತದೆ ಅಂತ ಹೇಳಿಕೊಂಡಿದ್ದಳಲ್ಲ, ಆಗಾಗ ಹಣೆ ಹಿಡಿದು, "ಅಬ್ಬಾ" ಅನ್ನಬೇಕಾಗುತ್ತಿತ್ತು. ಅಂದಾಗಲೆಲ್ಲ ನರ್ಸಮ್ಮ ನಾಡಿ ಹಿಡಿದು ನೋಡಿ, "ನಾಡಿ ಕುದುರೆ ಥರ ಇದೆ ಬೀಗ್ರೇ, ಏನೂ ಆಗಿಲ್ಲ," ಅನ್ನುತ್ತಿದ್ದಳು.

ಸಂಜೆ ದೋಣಿಯ ಮುಂಭಾಗದ ಜಗಲಿಯಲ್ಲಿ ಎಲ್ಲರೂ ಕೂತಿದ್ದಾಗ ಸೊಸೆ ಕಾಲು ಚಾಚಿ, ಮೆಲ್ಲಗೆ ತಾಯಿಯ ತೊಡೆಯ ಮೇಲೆ ತಲೆ ಇಟ್ಟಳು. ನರ್ಸಮ್ಮ ಏನೋ ಮಾತಾಡುತ್ತ ಮಗಳ ಕೂದಲಲ್ಲಿ ಬೆರಳಾಡಿಸಿದಳು. ಮೂವತ್ತೈದರ ಹೆಂಗಸು, ಒಂದು ಮಗುವಿನ ತಾಯಿ, ಕಣ್ಣು ಮುಚ್ಚಿ ಮಲಗಿದ್ದಳು. ಒಂಬತ್ತು ವರ್ಷದಲ್ಲಿ ಆ ತಲೆ ತನ್ನ ಮುಂದೆ ಬಾಗಿದ್ದುಂಟು, ತಗ್ಗಿದ್ದುಂಟು, ಆದರೆ ಒರಗಿದ್ದಿಲ್ಲ. ಲಾಂಡ್ರಿಯಮ್ಮ ಹಣೆ ಹಿಡಿದುಕೊಂಡು ಒಳಗೆ ಎದ್ದು ಹೋದಳು. ಈ ಸಲ ಯಾರೂ ನಾಡಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನರ್ಸಮ್ಮ, ಸೊಸೆ, ಗುಬ್ಬಿ ಮೂವರೂ ಒಂದು ಪುಟ್ಟ ದೋಣಿಯಲ್ಲಿ ಸಣ್ಣ ಕಾಲುವೆಗಳಿಗೆ ಹೋದರು. ಲಾಂಡ್ರಿಯಮ್ಮನನ್ನು ಕರೆದರು, ಒಂದು ಸಲ. ಅವಳು ತಲೆ ಸುತ್ತು ಅಂದಳು. ಅರ್ಧ ಗಂಟೆಗೆ ಮೂವರೂ ಕುತ್ತಿಗೆವರೆಗೆ ತೊಯ್ದು ವಾಪಸ್ಸು ಬಂದರು. ನರ್ಸಮ್ಮ ನೀರಿನಲ್ಲಿದ್ದ ಹೂ ಕೀಳಲು ಬಗ್ಗಿದ್ದಳಂತೆ, ದೋಣಿ ಒಂದು ಕಡೆಗೆ ವಾಲಿತಂತೆ. ಹೇಳಲೂ ಆಗದಷ್ಟು ನಗುತ್ತಿದ್ದರು. ದೋಣಿಯ ಅಡುಗೆಯವನು ಒದ್ದೆ ಬಟ್ಟೆಯೆಲ್ಲ ಹಿಂಡಿ ಹಗ್ಗಕ್ಕೆ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಒಣಗಿದ ಬಟ್ಟೆ ಮಡಚಿ ಎರಡು ಗಂಟು ಮಾಡಿಕೊಂಡು ಬಂದ. ಒಳ್ಳೆಯ ಮನುಷ್ಯ, ಅಚ್ಚುಕಟ್ಟಿನವನು. ಒಂದು ಗಂಟನ್ನು ಸೊಸೆಯ ಮುಂದಿಟ್ಟು ಅಂದ:

"ಇವು ನಿಮ್ಮವು ಅಕ್ಕಾ. ಇವು ಮಾತ್ರ ಬೇರೆ ಪಾರ್ಟಿಯವರದ್ದು ಅನ್ಸುತ್ತೆ, ಪಕ್ಕದ ದೋಣಿಯಿಂದ ಗಾಳಿಗೆ ಬಂದಿರ್ಬೇಕು. ಲಾಂಡ್ರಿ ದಾರ ಹಾಕಿದೆ ನೋಡಿ, ಕೆಂಪು. ನಮ್ಮ ಬೆಡ್‌ಶೀಟಿಗೂ ಹಿಂಗೇ ಹಾಕ್ತಾರೆ. ಕೇಳಿ ವಾಪಸ್ ಕೊಟ್ಟು ಬರ್ಲಾ?"

ಬೂದು ಅಂಗಿ, ಶಾಲು, ಟವೆಲು. ಸೊಸೆ ಅಂಗಿ ತೆಗೆದುಕೊಂಡು ಕಾಲರು ಮಗುಚಿದಳು. ಅವಳ ಮುಖದ ನಗು ಇಳಿದುಹೋಯಿತು.

"ಅತ್ತೆ, ಏನಿದು?"

"ಏನು? ದಾರ."

"ಮನೆಯವರ ಬಟ್ಟೆಗೆ ದಾರ ಹಾಕಲ್ಲ ಅಂತ ನೀವೇ ಹೇಳೋದು."

"ಬೆರೆತುಹೋಗ್ಬಾರ್ದು ಅಂತ..."

"ಯಾರ ಜೊತೆ? ನಮ್ಮಮ್ಮ ಗಿರಾಕಿನಾ ನಿಮಗೆ?"

ಮಗ ಎದ್ದ. ಯಾವ ಗಂಡಸು ಇಂಥ ಹೊತ್ತಲ್ಲಿ ಕೂತಾನು? ದೋಣಿಯ ಎಂಜಿನ್ನು ಯಾಕೋ ಸದ್ದು ಮಾಡುತ್ತಿದೆ, ನೋಡಿ ಬರುತ್ತೇನೆ ಅಂತ ಗುಬ್ಬಿಯನ್ನೂ ಎಳೆದುಕೊಂಡು ಹಿಂಭಾಗಕ್ಕೆ ಹೋದ. ಎಂಜಿನ್ನು ಆಗ ನಿಂತಿತ್ತು.

ಲಾಂಡ್ರಿಯಮ್ಮನಿಗೆ ಎರಡು ವಾರದಿಂದ ಕಟ್ಟಿಟ್ಟದ್ದೆಲ್ಲ ಬಾಯಿಗೆ ಬಂತು. "ಹೌದು, ಹಾಕಿದೆ! ನನ್ನ ಗತಿ ಏನಾಯ್ತು ಗೊತ್ತಾ? ನನ್ನ ಮಗ ಗೊತ್ತುಮಾಡಿದ ದೋಣಿಗೆ ನಾನು ಕಳ್ಳಿ ಥರ ಬ್ಯಾಗು ಬಚ್ಚಿಟ್ಕೊಂಡು ಬಂದೆ! ಒಂದೇ ಸಲ ಕೇಳಿ ಎಲ್ರೂ ಬಾಯಿ ಮುಚ್ಕೊಂಡ್ರಿ. ಅವನೇನೋ ಗಂಡಸು, ನಿಂಗೆ ಗೊತ್ತಿರ್ಲಿಲ್ವಾ? ಒಂಬತ್ತು ವರ್ಷ ನಮ್ಮನೇಲಿ ಇದ್ದೋಳು!"

"ಗೊತ್ತಿತ್ತು."

ಲಾಂಡ್ರಿಯಮ್ಮ ಬಟ್ಟೆಯ ಗಂಟಿನ ಪಕ್ಕ ಕೂತುಬಿಟ್ಟಳು.

"ಗೊತ್ತಿತ್ತು ಅತ್ತೆ. ಇನ್ನೆರಡು ಸಲ ಕೇಳಿದ್ರೆ ಬರ್ತೀರಿ ಅಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ. ಎರಡೇ ಎರಡು ದಿನ ನಮ್ಮಮ್ಮನ ಜೊತೆ ಇರ್ಬೇಕು ಅನ್ನಿಸ್ತು. ತಪ್ಪಾ?" ಸೊಸೆ ಅಂಗಿಯ ಕಾಲರನ್ನು ಅತ್ತೆಯ ಮುಂದೆ ಹಿಡಿದಳು. "ನನ್ನ ಬಟ್ಟೆಗೂ ಹಾಕಿದ್ರಿ ನೀವು. ನೆನಪಿದ್ಯಾ? ಹಸಿರು ದಾರ. ಮದುವೆಯಾಗಿ ನಾಲ್ಕು ತಿಂಗಳು. ಒಗೆದು ಬಂದಾಗೆಲ್ಲ ಮೊದಲು ಕಾಲರ್ ತಿರುಗಿಸಿ ನೋಡ್ತಿದ್ದೆ, ಇವತ್ತಾದ್ರೂ ಬಿಚ್ಚಿದಾರಾ ಅಂತ. ನೀವು ಬಿಚ್ಚಲೇ ಇಲ್ಲ. ಕೊನೆಗೆ ನಾನೇ ಕತ್ತರಿ ತಗೊಂಡು ಬಿಚ್ಕೊಂಡೆ."

ಅಂಗಿಯನ್ನು ಗಂಟಿನ ಮೇಲೆ ಎಸೆದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಲಾಂಡ್ರಿಯಮ್ಮ ಕೂತಲ್ಲೇ ನೆನಪು ಕೆದಕಿದಳು. ಹಸಿರು ದಾರ. ಅವಳಿಗೆ ನೆನಪೇ ಇರಲಿಲ್ಲ. ಹೊಸ ಬಟ್ಟೆ ಬಂದವು, ದಾರ ಹಾಕಿದಳು. ಸಾವಿರ ಬಟ್ಟೆಗಳಲ್ಲಿ ಅವೂ ನಾಲ್ಕು. ಆಮೇಲೆ ಅವು ದಾರ ಕಳಚಿಕೊಂಡು ಮನೆಯ ಬಟ್ಟೆಯಾದದ್ದು ಯಾವಾಗ ಅಂತಲೂ ನೋಡಲಿಲ್ಲ. ಒಂದು ಹುಡುಗಿ ನಾಲ್ಕು ತಿಂಗಳು ಕಾಲರು ತಿರುಗಿಸಿ ನೋಡುತ್ತ ಕಾದಿದ್ದಳು, ತಾನು ಈಗ ಎರಡನೇ ಮಾತಿಗೆ ಕಾದ ಹಾಗೆ. ತಾನು ಕಾದದ್ದು ಎರಡು ವಾರ.

ಊಟದ ಹೊತ್ತಾಯಿತು. ಅಡುಗೆಯವನು ಜಗಲಿಯ ಮೇಜಿಗೆ ಅನ್ನ, ಹುರಿದ ಮೀನು, ಸೊಪ್ಪಿನ ಪಲ್ಯ ತಂದಿಟ್ಟ. ನರ್ಸಮ್ಮ ರೂಮಿನ ಬಾಗಿಲು ತಟ್ಟಿ, "ಊಟಕ್ಕೆ ಬಾರೇ," ಅಂದಳು.

"ನನಗೆ ಬೇಡಮ್ಮ."

ನರ್ಸಮ್ಮ ವಾಪಸ್ಸು ಬಂದು ಬೀಗಿತ್ತಿಯ ಎದುರು ಕೂತಳು. ಬೈಯುತ್ತಾಳೆ ಅಂತ ಲಾಂಡ್ರಿಯಮ್ಮ ಕಾದಳು. ನರ್ಸಮ್ಮ ಶಾಲಿನ ಮೂಲೆ ಎತ್ತಿ ದಾರ ನೋಡಿದಳು. "ನಾನು ಮೊದಲನೇ ದಿನವೇ ನೋಡಿದ್ದೆ. ನನ್ನ ಬಟ್ಟೆ ಕಳೆದುಹೋಗ್ಬಾರ್ದು ಅಂತ ಮುತುವರ್ಜಿ ಮಾಡಿದೀರಿ ಅಂದ್ಕೊಂಡೆ. ಖುಷಿಯಾಗಿತ್ತು ನಂಗೆ."

ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

"ಹೊಟ್ಟೆಕಿಚ್ಚು," ಅಂದಳು ಲಾಂಡ್ರಿಯಮ್ಮ. "ಹೊಟ್ಟೆಕಿಚ್ಚಿಗೆ ಹಾಕಿದೆ. ಅವಳು ನಿಮ್ಮ ಜೊತೆ ನಗ್ತಾಳೆ. ನನ್ನ ಜೊತೆ ನಗಲ್ಲ."

ನರ್ಸಮ್ಮ ತಂಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನಿಮಗೊಂದು ಹೇಳ್ಲಾ ಬೀಗ್ರೇ? ಮದುವೆಯಾದ ವರ್ಷ ನಮ್ಮನೆಗೆ ಬಂದಿದ್ಲು ಇವಳು. ಊಟಕ್ಕೆ ಬಾ ಅಂದೆ, ಬೇಡಮ್ಮ ಅಂದ್ಲು. ಸರಿ ಅಂತ ಪಾತ್ರೆ ತೊಳೆದಿಟ್ಟೆ. ಸಂಜೆ ನೋಡ್ತೀನಿ, ಡಬ್ಬಿಗೆ ಕೈ ಹಾಕಿ ಗಬಗಬ ಬಿಸ್ಕತ್ತು ತಿಂತಿದಾಳೆ. ಬೇಡ ಅಂದ್ಯಲ್ಲೇ ಅಂದ್ರೆ, 'ನೀನು ಇನ್ನೊಂದ್ ಸಲ ಕೇಳ್ಲೇ ಇಲ್ಲ' ಅಂತ ಅತ್ತುಬಿಟ್ಲು. ಇಪ್ಪತ್ತಾರು ವರ್ಷ ನನ್ನ ಮನೇಲಿ ಒಂದೇ ಸಲಕ್ಕೆ ಹೂಂ ಅಂತಿದ್ದ ಹುಡುಗಿ! ಒಂದೇ ವರ್ಷದಲ್ಲಿ ನಿಮ್ಮವಳಾಗಿ ಹೋಗಿದ್ಲು. ಅವತ್ತು ನನಗಾದ ಹೊಟ್ಟೆ ಉರಿ ನಿಮಗೆ ಗೊತ್ತಿಲ್ಲ. ಒಂದು ವಾರ ನಿಮ್ಮನ್ನ ಮನಸ್ಸಲ್ಲೇ ಬೈದಿದೀನಿ."

"ನನ್ನನ್ನಾ?"

"ಇನ್ಯಾರನ್ನ?"

ಲಾಂಡ್ರಿಯಮ್ಮನಿಗೆ ತನ್ನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಟ್ಟದ್ದು ಜೀವಮಾನದಲ್ಲಿ ಗೊತ್ತಿರಲಿಲ್ಲ. ಇಂಥ ಹೊತ್ತಲ್ಲಿ ಖುಷಿಪಡಬಾರದು. ಪಟ್ಟಳು.

ಅಡುಗೆಯವನು ಬಂದು ಸೊಸೆಯ ಖಾಲಿ ತಟ್ಟೆಗೆ ಕೈ ಹಾಕಿದ. "ತಗೊಂಡು ಹೋಗಪ್ಪ, ಬೇಡವಂತೆ ಅವಳಿಗೆ," ಅಂದಳು ನರ್ಸಮ್ಮ ಅಭ್ಯಾಸಬಲದಿಂದ.

"ಇಡು ಅಲ್ಲೇ!" ಅಂದಳು ಲಾಂಡ್ರಿಯಮ್ಮ. ಆಮೇಲೆ ಬೀಗಿತ್ತಿಯ ಕಡೆ ತಿರುಗಿದಳು. "ಇನ್ನೆರಡು ಸಲ ಕೇಳ್ಬೇಕು. ಅವಳು ನಮ್ಮನೆಯವಳು."

ಎದ್ದು ಹೋಗಿ ಬಾಗಿಲ ಮುಂದೆ ನಿಂತಳು. "ಊಟ ಮಾಡು ಬಾಮ್ಮ."

"ಬೇಡ ಅತ್ತೆ. ಹಸಿವಿಲ್ಲ."

ಲಾಂಡ್ರಿಯಮ್ಮ ಅಲ್ಲೇ ಹೊಸ್ತಿಲ ಮುಂದೆ ಕೂತಳು. ಬಟ್ಟೆಯ ಗಂಟನ್ನು ತೊಡೆಗೆ ಎಳೆದುಕೊಂಡು, ಸೆರಗಿನ ಪಿನ್ನು ಕಿತ್ತು, ಬೂದು ಅಂಗಿಯ ಕಾಲರಿನಿಂದ ಕೆಂಪು ದಾರವನ್ನು ಒಂದೊಂದೇ ಹೊಲಿಗೆಯಾಗಿ ಎತ್ತಿ ಬಿಚ್ಚಿದಳು. ನಾಲ್ಕು ಹೊಲಿಗೆ, ಬಿಗಿಯಾಗಿದ್ದವು, ಸಿಟ್ಟಲ್ಲಿ ಹಾಕಿದ್ದಲ್ಲವೇ. ಹಲ್ಲಿನಲ್ಲಿ ಕಚ್ಚಿ ಎಳೆದಳು. ಹಿಂಭಾಗದಿಂದ ಗುಬ್ಬಿ, "ಅಪ್ಪಾ, ಎಂಜಿನ್ ಆಫ್ ಆಗಿದೆಯಲ್ಲ, ಏನು ನೋಡ್ತಿದೀಯ?" ಅನ್ನುವುದು ಕೇಳಿಸಿತು.

"ಹಸಿರು ದಾರ ನಂಗೆ ನೆನಪಿರ್ಲಿಲ್ಲ ಕಣೇ," ಅಂದಳು ಬಾಗಿಲಿಗೆ. "ನಾನೇ ಬಿಚ್ಬೇಕಿತ್ತು. ನೀನು ಕತ್ತರಿ ಹಿಡಿಯೋ ಹಾಗೆ ಆಗ್ಬಾರ್ದಿತ್ತು." ದಾರ ಬಿಚ್ಚಿದ ಅಂಗಿಯನ್ನು ಮಡಚಿಟ್ಟು ಅಂದಳು: "ಊಟ ಮಾಡ್ತೀಯಾ? ಒಂಚೂರು?"

ನೀರು ದೋಣಿಯ ಹೊಟ್ಟೆಗೆ ಮೆಲ್ಲಗೆ ತಟ್ಟುತ್ತಿತ್ತು. ಆಮೇಲೆ ಚಿಲಕ ಸರಿಯಿತು. ಸೊಸೆ ಬಾಗಿಲಲ್ಲಿ ನಿಂತಳು, ಕಣ್ಣು ಊದಿತ್ತು, ಟೋಪಿ ಇನ್ನೂ ತಲೆಯ ಮೇಲೇ ಇತ್ತು.

"ಮೀನು ಉಳಿದಿದ್ಯಾ?" ಅಂದಳು.

ಮೇಜಿನ ಹತ್ತಿರ ನರ್ಸಮ್ಮನ ಮುಖ ಚೂರು ಬಾಡಿತು. ತನ್ನ ಮಾತಿಗೆ ಬಾರದವಳು ಬೀಗಿತ್ತಿಯ ಮಾತಿಗೆ ಬಂದಳಲ್ಲ ಅಂತ. ಲಾಂಡ್ರಿಯಮ್ಮ ಅದನ್ನು ಕಂಡಳು. ಕಂಡು, ಸುಳ್ಳೇಕೆ ಹೇಳಬೇಕು, ಬಾಯಿ ಚಪ್ಪರಿಸುವಷ್ಟು ಹಿತವಾಯಿತು. ಒಂದು ಗಳಿಗೆ ಆ ಹಿತವನ್ನು ಅನುಭವಿಸಿದಳು. ಆಮೇಲೆ ಎದ್ದು ಹೋಗಿ ಸೊಸೆಯ ಖಾಲಿ ತಟ್ಟೆಯನ್ನು ನರ್ಸಮ್ಮನ ಕೈಗೆ ಕೊಟ್ಟಳು.

"ನೀವೇ ಬಡಿಸಿ ಬೀಗ್ರೇ," ಅಂದಳು. "ನನಗೆ ಇನ್ನೂ ಶಾಲಿಂದು, ಟವೆಲಿಂದು ದಾರ ಬಿಚ್ಚೋದಿದೆ."